ಕೈ ಬಿಟ್ಟ ಗಳಿಗೆ

ಸರಕಾರದ ಶಾಲೆ ಹಳ್ಳಿಗಳ ಕಡೆಗೆ ಇನ್ನೂ ಮುಖ ಹಾಕಿರದ ಕಾಲ. ಮಲಪ್ರಭೆಯ ದಂಡೆಗೊಂದು ಹಳೆಯ ಮಠ, ಮಠಕ್ಕೊಂದು ಪಡಸಾಲೆ. ಆ ಪಡಸಾಲೆಯಲ್ಲಿ ಗುರುಪಾದಯ್ಯನವರು ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು.

ಅವರಿಗೆ ವಯಸ್ಸು ಮೂವತ್ತೂ ಆಗಿರಲಿಲ್ಲ. ಮುಂದೆ ಆಗಲೂ ಇಲ್ಲ.

ಬೆಳಗಾಗುತ್ತಲೇ ಹೊಳೆಯಲ್ಲಿ ಮಿಂದು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತರೆ, ಮೈಮೇಲೆ ಇರುವೆ ಹರಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಪೂಜೆ ಮುಗಿಸಿ ಪಡಸಾಲೆಗೆ ಬಂದರೆ, ಮೂಲೆಯಲ್ಲೊಂದು ಮಗು ತೂಕಡಿಸಿದರೂ ಗೊತ್ತಾಗುತ್ತಿತ್ತು.

ಅವರ ಬಳಿ ಕಲ್ಲಯ್ಯನೆಂಬ ತರುಣ ಶಿಷ್ಯನಿದ್ದ. ಓದು ಬರಹ ಅವನಿಗೆ ಬರುತ್ತಿತ್ತು. ಕಲಿಸುವುದನ್ನು ಕಲಿಯಲು ಬಂದಿದ್ದ. ಮುತ್ತು ಪೋಣಿಸಿದಂಥ ಅಕ್ಷರ ಅವನದು. ಅದು ಅವನಿಗೂ ಗೊತ್ತಿತ್ತು, ತುಸು ಹೆಚ್ಚೇ ಗೊತ್ತಿತ್ತು.

ಆಗೆಲ್ಲ ಹಲಗೆಯ ಮೇಲೆ ಉಸುಕು ಹರವಿ, ಮಗುವಿನ ತೋರುಬೆರಳಿನಿಂದ ಓನಾಮ ತಿದ್ದಿಸುತ್ತಿದ್ದರು. ಮಗುವಿನ ಕೈಮೇಲೆ ಗುರುವಿನ ಕೈ. ಕಲಿಸುವುದಕ್ಕೆ ಕೈ ಹಿಡಿಯುವುದು ಎಂದೇ ಹೆಸರು.

ಹೊಸದಾಗಿ ಬಂದ ಮಕ್ಕಳನ್ನು ಗುರುಗಳು ಕಲ್ಲಯ್ಯನಿಗೆ ಒಪ್ಪಿಸಿದರು. ಅವರಲ್ಲಿ ಅಂಬಿಗರ ಯಮನಪ್ಪನ ಮಗಳು ಹೊಳೆವ್ವನೂ ಇದ್ದಳು. ಹೆಣ್ಣುಮಗುವಿಗೆ ಅಕ್ಷರ ಯಾಕೆಂದು ಊರು ಗೊಣಗಿತ್ತು.

“ಆಕಿ ಅಪ್ಪ ಹರಿಗೋಲಿನ್ಯಾಗ ಎಲ್ಲಾರನ್ನೂ ಕುಂದ್ರಸ್ಕೋತಾನಲ್ಲ?” ಎಂದು ಗುರುಗಳು ಕೇಳಿದ್ದರು. ಹೊಳೆ ದಾಟಬೇಕಾದ ಊರು ಸುಮ್ಮನಾಗಿತ್ತು.

ಕಲ್ಲಯ್ಯ ಹಟ ಹಿಡಿದು ಕಲಿಸಿದ. ಕೆಲವೇ ದಿನಗಳಲ್ಲಿ ಹಲಗೆ ಹಲಗೆಯ ಮೇಲೂ ಚೆಂದದ ಅಕ್ಷರಗಳು ಮೂಡಿದವು. ಗುರುಗಳನ್ನು ಕರೆತಂದು ತೋರಿಸಿದ.

“ನೋಡ್ರಿ ಗುರುಗಳ. ಎಲ್ಲಾರಿಗೂ ಓನಾಮ ಬಂತು.”

ಗುರುಗಳು ಹೊಳೆವ್ವನ ಮುಂದೆ ಕೂತರು. ಹಲಗೆಯ ಉಸುಕನ್ನು ಅಂಗೈಯಿಂದ ಸವರಿ ಸಮ ಮಾಡಿದರು.

“ಈಗ ನೀ ಬರಿಯವ್ವಾ.”

ಹೊಳೆವ್ವ ಉಸುಕಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಕಾದು, ಕೈಯನ್ನು ಕಲ್ಲಯ್ಯನ ಕಡೆಗೆ ಚಾಚಿದಳು, ಹಿಡಿ ಎನ್ನುವ ಹಾಗೆ.

ಕಲ್ಲಯ್ಯನಿಗೆ ಕಿವಿ ಬಿಸಿಯಾಯಿತು.

“ಇಷ್ಟು ದಿನಾ ಇಲ್ಲಿ ಮೂಡಿದ್ದು ಯಾರ ಅಕ್ಷರ?” ಎಂದರು ಗುರುಗಳು.

“ಆಕೀವೇ ಅಲ್ರೀ... ಆಕಿ ಬೆರಳಿಲೇ ಬರದಿದ್ದು.”

“ಹಂಗೇನು? ಬಾ, ಇಲ್ಲಿ ಕುಂದ್ರು. ನಿನ್ನ ಹೆಸರು ಬರಿ.”

ಕಲ್ಲಯ್ಯ ಕೂತ. ಗುರುಗಳು ಅವನ ಕೈಯನ್ನು ಬಿಗಿಯಾಗಿ ಅದುಮಿ ಹಿಡಿದು, ಅವನ ಹೆಸರನ್ನು ಅವನಿಂದಲೇ ಬರೆಸತೊಡಗಿದರು. ನಿದ್ದೆಯಲ್ಲೂ ಬರೆಯಬಲ್ಲ ಹೆಸರು ಅದು. ಒತ್ತಕ್ಷರದ ಬಳಿ ಅವನ ಮನಸ್ಸು ಒಂದು ಕಡೆ ಹೊರಟಿತು, ಕೈ ಇನ್ನೊಂದು ಕಡೆ ಹೋಯಿತು. ಉಸುಕಿನ ಮೇಲೆ ಹುಳು ಹರಿದಾಡಿದಂಥದ್ದೇನೋ ಮೂಡಿತು. ಮಕ್ಕಳು ಕಿಸಕ್ಕನೆ ನಕ್ಕವು.

“ನೋವಾತೇನು?”

“ಆತ್ರಿ.”

“ಆಕಿಗೂ ಆಗಿರಬೇಕು. ಸಣ್ಣಾಕಿ, ಹೇಳಿಲ್ಲ.”

ಆಮೇಲೆ ಗುರುಗಳು ಹೊಳೆವ್ವನ ಪಕ್ಕಕ್ಕೆ ಸರಿದು ಅವಳ ಕೈಮೇಲೆ ತಮ್ಮ ಕೈಯಿಟ್ಟರು. ಬಿಗಿಯಾಗಿ ಹಿಡಿಯಲಿಲ್ಲ. ಇಬ್ಬರೂ ಕೂಡಿ ಬರೆದರು, ಅಳಿಸಿದರು, ಮತ್ತೆ ಬರೆದರು. ನಡುವೆ ಹೊಳೆವ್ವ ತನ್ನ ಅಪ್ಪನ ಬಲೆಗೆ ಬಿದ್ದ ಮೀನಿನ ಕಥೆ ತೆಗೆದಳು. ಮೀನು ಎಷ್ಟು ಉದ್ದ, ಮೀಸೆ ಇತ್ತೋ ಇಲ್ಲವೋ, ಎಲ್ಲವನ್ನೂ ಗುರುಗಳು ಕೇಳಿದರು. ಕಥೆ ಸಾಗಿತು, ಬೆರಳೂ ಸಾಗಿತು.

ಇದೆಂಥ ಪಾಠ ಎಂದುಕೊಳ್ಳುತ್ತ ಕಲ್ಲಯ್ಯ ಮೀನಿನ ಕಥೆಯನ್ನೇ ಕೇಳುತ್ತಿದ್ದ. ಒಮ್ಮೆ ಕೆಳಗೆ ನೋಡಿದರೆ, ಗುರುಗಳ ಕೈ ಅವರ ಮೊಣಕಾಲ ಮೇಲಿತ್ತು. ಹೊಳೆವ್ವ ಮಾತಾಡುತ್ತಲೇ ಒಬ್ಬಳೇ ಬರೆಯುತ್ತಿದ್ದಳು. ಅಕ್ಷರ ಸೊಟ್ಟಗಿತ್ತು, ಆದರೆ ಅವಳದಾಗಿತ್ತು.

“ಗುರುಗಳ, ಯಾವಾಗ ಕೈ ಬಿಟ್ರಿ?”

“ನೀ ನೋಡ್ಲಿಲ್ಲೇನು?”

“ಇಲ್ರಿ.”

“ಚಲೋ ಆತು. ಆಕಿನೂ ನೋಡಿಲ್ಲ.”

ಆ ಚಳಿಗಾಲ ಗುರುಗಳಿಗೆ ಕೆಮ್ಮು ಹತ್ತಿತು. ತಣ್ಣೀರಿನ ಸ್ನಾನದ ಕೆಮ್ಮು ಎಂದು ಎಲ್ಲರೂ ತಿಳಿದರು. ಒಂದು ದಿನ ಅವರ ವಸ್ತ್ರ ಒಗೆಯಲು ಹೋದ ಕಲ್ಲಯ್ಯ ಅದರ ಮೇಲೆ ರಕ್ತ ಕಂಡ.

ಪಕ್ಕದೂರಿನ ವೈದ್ಯರನ್ನು ಕರೆಸಿದರು. ಅವರು ನಾಡಿ ಹಿಡಿದು ನೋಡಿದರು. ಔಷಧದ ಮಾತು ತೆಗೆಯದೆ, ಈ ಸಲದ ಜೋಳದ ಬೆಳೆಯ ಬಗ್ಗೆ ಬಹಳ ಹೊತ್ತು ಮಾತಾಡಿ ಹೋದರು. ಕಲ್ಲಯ್ಯನಿಗೆ ಅರ್ಥವಾಯಿತು.

“ಗುರುಗಳ, ನಿಮಗ ಏನರ ಆದ್ರ ನಾ ಸಾಲಿ ಬಾಗಿಲಾ ಹಾಕಿ ಊರು ಬಿಡಾಂವ.”

“ಪಡಸಾಲಿಗೆ ಬಾಗಿಲಾ ಎಲ್ಲೈತೋ?” ಗುರುಗಳು ನಕ್ಕರು. ನಗು ಕೆಮ್ಮಾಯಿತು.

“ಚ್ಯಾಷ್ಟಿ ಮಾಡಬ್ಯಾಡ್ರಿ. ನೀವಿಲ್ದ ನನ್ನ ಕೈಲೆ ಆಗೂದಿಲ್ಲ. ಒಂದು ಮಗುವಿಗೂ ನೆಟ್ಟಗ ಕಲಿಸಲಾರೆ ನಾ.”

“ಮಕ್ಕಳು ಬಂದಾವ. ಹೋಗು.”

ಗುರುಗಳು ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದರು. ಕಲ್ಲಯ್ಯ ಪಡಸಾಲೆಗೂ ಕೋಣೆಗೂ ಓಡಾಡತೊಡಗಿದ. ಕಾಗುಣಿತ ಇಂದೇ ಶುರು ಮಾಡಲೇ? ಗೌಡರ ಮಗ ಹಲಗೆ ಒದ್ದ, ಏನು ಮಾಡಲಿ? ಗುರುಗಳು ಒಂದೊಂದನ್ನೂ ಬಿಡಿಸಿ ಹೇಳಿ ಕಳಿಸುತ್ತಿದ್ದರು.

ಬರಬರುತ್ತ ಅವರು ಬಿಡಿಸಿ ಹೇಳುವುದನ್ನು ಬಿಟ್ಟರು. “ನೀ ಏನಂತಿ?” ಎಂದು ಕೇಳುತ್ತಿದ್ದರು. ಕಲ್ಲಯ್ಯ ತಡವರಿಸುತ್ತ ಏನೋ ಹೇಳಿದರೆ ತಲೆಯಾಡಿಸುತ್ತಿದ್ದರು. ಇನ್ನೂ ಕೆಲವು ದಿನ ಹೋದ ಮೇಲೆ ಬರೀ ನಗುತ್ತಿದ್ದರು.

ಕೊನೆಕೊನೆಗೆ ಕಲ್ಲಯ್ಯ ಬಂದು ನಿಂತರೆ, ಅವರು ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಅವನು ಎಬ್ಬಿಸಲಾರದೆ ಹಿಂದಿರುಗಿ, ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದ. ಬೇನೆ ಬಲಿಯಿತಲ್ಲ ಎಂದು ಕೊರಗುತ್ತಿದ್ದ. ನಿದ್ದೆ ಹೋದ ಗುರುಗಳ ಬೆರಳು ಮಾತ್ರ, ಹೊರಗಿನ ಮಕ್ಕಳ ದನಿಗೆ ಸರಿಯಾಗಿ, ಹೊದ್ದ ಕೌದಿಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಜ್ವರದ ನಡುಕವೆಂದು ಅವನು ತಿಳಿದ.

ಪೂಜೆಯನ್ನು ಮಾತ್ರ ಗುರುಗಳು ಬಿಡಲಿಲ್ಲ. ಒಂದು ಬೆಳಿಗ್ಗೆ ಏಳಲೂ ಆಗಲಿಲ್ಲ. ಕಲ್ಲಯ್ಯ ಅವರ ಬೆನ್ನಿಗೆ ತನ್ನ ಎದೆ ಕೊಟ್ಟು ಕೂಡಿಸಿದ. ಲಿಂಗವಿದ್ದ ಅವರ ಅಂಗೈ ಕೆಳಗೆ ಬಾಗುತ್ತಿತ್ತು. ಅದರ ಕೆಳಗೆ ತನ್ನ ಅಂಗೈ ಇಟ್ಟ. ಪೂಜೆ ಮುಗಿಯುವ ತನಕ ತಡೆದುಕೊಂಡ ಸಿಟ್ಟು ಆಮೇಲೆ ಒಡೆಯಿತು.

“ಒಂದು ದಿನಾ ಪೂಜಾ ತಪ್ಪಿಸಿಲ್ಲ ನೀವು. ಒಂದು ಇರಿವಿಗೂ ಕೇಡು ಬಯಸಿಲ್ಲ. ಆದ್ರೂ ದೇವರು ನಿಮ್ಮ ಕೈ ಬಿಟ್ನಲ್ರೀ!”

ಗುರುಗಳು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಅಷ್ಟಕ್ಕೇ ಉಬ್ಬಸ ಬಂದಿತ್ತು.

“ಬಿಟ್ಟ ಅಂತೀದಿ. ಹಿಡಿದಿದ್ದನ್ನ ಯಾವಾಗ ನೋಡಿದ್ದಿ?”

ಕಲ್ಲಯ್ಯ ಅತ್ತ. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಗುರುಗಳು ತಡೆಯಲಿಲ್ಲ.

“ಮಾರಿ ತೊಳಕೊಂಡು ಹೋಗು,” ಎಂದರು ಆಮೇಲೆ. “ಅತ್ತ ಮಾರಿ ಕಂಡ್ರ ಆ ಹುಡುಗ್ರು ಪಾಠಾ ಬಿಟ್ಟು ಸುದ್ದಿ ಕೇಳ್ತಾವು.”

ಬೇಸಿಗೆ ಬಂತು. ಹೊಳೆ ಇಳಿಯಿತು. ಯಮನಪ್ಪನ ಹರಿಗೋಲು ದಂಡೆಯ ಮೇಲೆ ಬೋರಲು ಬಿತ್ತು. ಜನ ಮೊಣಕಾಲ ನೀರಲ್ಲಿ ನಡೆದೇ ದಾಟುತ್ತಿದ್ದರು. ಗುರುಗಳು ನೀರನ್ನೂ ಹತ್ತಿ ಅದ್ದಿ ಹಿಂಡಿ ಕುಡಿಸುವಷ್ಟು ಕ್ಷೀಣಿಸಿದ್ದರು.

ಒಂದು ಬೆಳಿಗ್ಗೆ ಕಲ್ಲಯ್ಯ ಹಾಸಿಗೆಯ ಪಕ್ಕದಲ್ಲಿ ಕೂತಿದ್ದ. ಪಡಸಾಲೆಯಿಂದ ಕಾಗುಣಿತದ ದನಿ ಬರುತ್ತಿತ್ತು. ಒಂದು ಎಳೆಯ ಗಂಟಲು ಮುಂದೆ ಹೇಳುತ್ತಿತ್ತು, ಉಳಿದವು ಹಿಂದೆ ಹೇಳುತ್ತಿದ್ದವು.

ಗುರುಗಳು ಕಣ್ಣು ತೆರೆದರು.

“ಯಾರು ಹೇಳಿಕೊಡಾಕತ್ತಾರ?”

“ಹೊಳೆವ್ವ ರೀ. ಹೊಸಾ ಮಕ್ಕಳು ಬಂದಾವ. ದೊಡ್ಡವರಿಗೆ ನಾ ಲೆಕ್ಕಾ ಹೇಳೂಮುಂದ ಸಣ್ಣವರನ್ನ ಆಕಿ ನೋಡ್ಕೋತಾಳ.”

“ಹಲಗಿ ಸಾಕಾಗ್ತಾವೇನು?”

“ಇಲ್ರಿ. ಮಳಿಗಾಲಕ್ಕ ಇನ್ನಷ್ಟು ಬೇಕಾಗ್ತಾವು. ಬಡಿಗ್ಯಾರಿಗೆ ಹೇಳೀನಿ. ಉಸುಕೂ ಈಗಲೇ ಜರಡಿ ಹಿಡದು ತುಂಬಿಡಬೇಕ್ರಿ, ಮಳಿ ಬಂದ ಮ್ಯಾಲ ಒಣಾ ಉಸುಕು ಸಿಗಾಂಗಿಲ್ಲ.”

“ನನ್ನ ಕೇಳ್ಲೇ ಇಲ್ಲಲ್ಲೋ?”

ಕಲ್ಲಯ್ಯ ಗಾಬರಿಯಾದ. “ತಪ್ಪಾತ್ರಿ. ಕೇಳಾಕ ಬಂದಿದ್ದೆ, ನೀವು ಮಲಗಿದ್ರಿ...”

ಗುರುಗಳ ಬತ್ತಿದ ಮುಖದಲ್ಲಿ ನಗು ಬಂತು. ಅವರು ಬಹಳ ಹೊತ್ತು ಅವನನ್ನೇ ನೋಡಿದರು. ಉಸಿರು ಎಳೆದೆಳೆದು ಬರುತ್ತಿತ್ತು. ಅದು ಹೊರಟು ನಿಂತವರ ನೋಟವೆಂದು ಕಲ್ಲಯ್ಯನಿಗೆ ತಿಳಿಯಿತು. ಅವರ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

“ನನ್ನ ಕೈ ಬಿಡಬ್ಯಾಡ್ರಿ ಗುರುಗಳ.”

ಗುರುಗಳು ಆ ಕೈಗಳ ಕಡೆ ನೋಡಿದರು. ಅವನ ಹಿಡಿತದೊಳಗೆ ಅವರ ಬೆರಳುಗಳು ಬಿಚ್ಚಿಕೊಂಡೇ ಇದ್ದವು.

“ನಾ ಬಿಟ್ಟು ಭಾಳ ದಿನಾ ಆತೋ, ಕಲ್ಲಯ್ಯ. ನೀ ನೋಡ್ಲಿಲ್ಲೇನು?”