ಅರವಟಿಗೆಯವನ ಮೊದಲ ಮಾತು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಚರಂತಯ್ಯನವರು. ಮಠದಲ್ಲಿ ಶಿಷ್ಯನೊಬ್ಬ ಗುರುಗಳನ್ನು ಹೀಗೆ ಕೇಳಿದನಂತೆ:

"ಬುದ್ಧೀ, ಫೋನಿನಲ್ಲಿ ಒಂದು ಹುಡುಕಿದರೆ ನೂರು ಉತ್ತರ ಬರುತ್ತವೆ. ಹೊಸದು ಯಾವುದು, ಕೇಳಿದ್ದಕ್ಕೆ ಹೊಂದುವುದು ಯಾವುದು ಎಂದು ನೋಡಿ ಮೇಲೆ ಕೆಳಗೆ ಜೋಡಿಸುತ್ತಾರಂತೆ. ಉತ್ತರವೆಲ್ಲ ಅಲ್ಲೇ ಇರುವಾಗ ಯಾವುದು ಮೇಲಿದ್ದರೇನು?"

ಗುರುಗಳು ಹೇಳಿದರು:

ಹಿಂದೆ ಒಂದು ಕೂಡುದಾರಿಯಲ್ಲಿ ಅರವಟಿಗೆ ಇತ್ತು. ನೀರು ಕುಡಿದವರು ಕಾಸು ಕೊಡುವಂತಿಲ್ಲ. ತಾವು ಬಂದ ದಾರಿಯ ಸುದ್ದಿ ಹೇಳಿ ಹೋಗಬೇಕು. ಅರವಟಿಗೆಯವ ಅದನ್ನು ನೆನಪಿಟ್ಟುಕೊಂಡು, ಕೇಳಿದವರಿಗೆ ಹೇಳುತ್ತಿದ್ದ. ಕಡೆಗೆ ಬಂದ ಸುದ್ದಿಯನ್ನೇ ಮೊದಲು ಹೇಳುವುದು ಅವನ ನೇಮ. "ತಂಗಳು ಸುದ್ದಿ ಯಾರಿಗೆ ಬೇಕು?" ಎಂದು ನಗುತ್ತಿದ್ದ. ದಾರಿಹೋಕರೂ ಮೆಚ್ಚಿದ್ದರು.

ಒಂದು ಮಧ್ಯಾಹ್ನ ಒಬ್ಬ ರೈತ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಮಗಳು ಮಲಗಿದ್ದಳು. ಹಾವು ಕಚ್ಚಿತ್ತು.

"ಅಣ್ಣಾ, ಮದ್ದು ಕೊಡುವವರು ಎಲ್ಲಿದ್ದಾರೆ? ಬೇಗ ಹೇಳು, ನಿನ್ನ ದಮ್ಮಯ್ಯ!"

ಅರವಟಿಗೆಯವನಿಗೆ ಎರಡು ಸುದ್ದಿ ತಿಳಿದಿತ್ತು. ಪಡುವಣ ಊರಿನ ಮುದುಕಿ ಹಾವಿನ ವಿಷಕ್ಕೆ ಬೇರು ಅರೆದು ಕೊಡುತ್ತಾಳೆ. ಅದು ಹೋದ ವರ್ಷದ ಮಾತು. ಮೂಡಣ ಊರಿಗೆ ಹೊಸ ವೈದ್ಯ ಬಂದಿದ್ದಾನೆ. ಅದು ಅಂದು ಬೆಳಗ್ಗೆ ಬಳೆಗಾರ ಹೇಳಿದ್ದು. ನೇಮದಂತೆ ಅವನು, "ಮೂಡಣ ಊರಿಗೆ ವೈದ್ಯ ಬಂದಿದ್ದಾನೆ, ಇವತ್ತಿನ ಸುದ್ದಿ" ಎಂದ. ಇನ್ನೊಂದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಮೂಡಣಕ್ಕೆ ತಿರುಗಿತ್ತು. ಅವನು ಕೂಗಿದ. ಗಾಲಿಯ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ.

ಸಂಜೆ ಗಾಡಿ ನಿಧಾನವಾಗಿ ಮರಳಿತು. ಮಗಳ ಮುಖಕ್ಕೆ ಅಪ್ಪನ ಹೆಗಲ ವಲ್ಲಿ ಹೊದಿಸಿತ್ತು. ರೈತ ಬೊಗಸೆಯೊಡ್ಡಿ ನೀರು ಕುಡಿದ. ಕುಡಿದ ಮೇಲೆ ಸುದ್ದಿ ಹೇಳಬೇಕಲ್ಲ, ಹೇಳಿದ:

"ಅವನು ಕಣ್ಣಿನ ವೈದ್ಯ ಕಣಣ್ಣಾ."

ಶಿಷ್ಯ ತಡೆಯಲಾರದೆ, "ಹಾಗಾದರೆ ಹೊಂದುವುದನ್ನೇ ಮೊದಲು ಹೇಳಬೇಕಿತ್ತಲ್ಲವೇ, ಬುದ್ಧೀ?" ಎಂದ.

"ಮರುವರ್ಷ ಅವನು ಹಾಗೆಯೇ ಹೇಳಿ, ಹಾವು ಕಚ್ಚಿದ ಇನ್ನೊಬ್ಬನನ್ನು ಪಡುವಣಕ್ಕೆ ಕಳುಹಿಸಿದನಪ್ಪಾ. ಅಷ್ಟರಲ್ಲಿ ಆ ಮುದುಕಿ ತೀರಿಹೋಗಿದ್ದಳು."

"ಮತ್ತೆ ಅವನು ಮಾಡಬೇಕಿದ್ದುದೇನು?"

"ಎರಡನೆಯ ಮಾತಿಗೆ ಯಾರೂ ನಿಲ್ಲುವುದಿಲ್ಲವೆಂದು ಹೆದರಿ, ಹೊಸದೇ, ಹೊಂದುವುದೇ ಎಂದು ಎರಡನ್ನೂ ತೂಗಿ ಮೊದಲನೆಯದನ್ನು ಆಡಬೇಕಿತ್ತು."



ಓದಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕೇಳಿದವರಿಗೆ ದಾರಿ ಹೇಳುವ ಕೆಲಸದಲ್ಲಿರುವ ಒಬ್ಬರಿಗಾದರೂ ಮುಟ್ಟಿಸಿ ಎಂದು ಕೈಮುಗಿದು ಬೇಡುತ್ತೇನೆ.