ಒಣಗಿದ ಕಟ್ಟೆಯ ಕಪ್ಪೆ

"ಗುರುಗಳೇ, ಕೊಂದ ಕೈಗೆ ಕಾಯುವ ಕೆಲಸ ಕೊಡಬಹುದೇ?" ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಆಶ್ರಮದ ಬಾಗಿಲಿಗೆ ಒಬ್ಬ ಬಲೆಗಾರ ಬಂದಿದ್ದ. ಬಹಳ ವರ್ಷ ಕೌಜುಗ, ಬುರ್ಲಿ ಹಕ್ಕಿಗಳನ್ನು ಬಲೆಗೆ ಕೆಡವಿ ಮಾರಿದವನು. ಬಲೆ ಸುಟ್ಟು ಬಂದಿದ್ದೇನೆ, ಇನ್ನು ನಿಮ್ಮ ತೋಪಿನ ಹಕ್ಕಿಗಳನ್ನು ಕಾದುಕೊಂಡಿರುತ್ತೇನೆ, ಒಂದು ಮೂಲೆ ಕೊಡಿ ಎಂದು ಬೇಡಿದ್ದ. ಆರು ವರ್ಷದಿಂದ ಆ ತೋಪನ್ನು ನೋಡಿಕೊಳ್ಳುತ್ತಿದ್ದವನು ಈ ಶಿಷ್ಯ. ಅದಕ್ಕೂ ಮುಂಚೆ ಇವನು ಏನಾಗಿದ್ದ ಎಂಬುದು ಗುರುಗಳೊಬ್ಬರಿಗೇ ಗೊತ್ತಿತ್ತು. ಬಲೆಗಾರನನ್ನು ಹೊರಗೇ ನಿಲ್ಲಿಸಿ ಇವನು ಒಳಗೆ ಬಂದಿದ್ದ.

"ಹೊರಗೆ ನಿಂತವನಿಗೆ ಒಂದು ಚೆಂಬು ನೀರು ಕೊಟ್ಟೆಯಾ? ಇಲ್ಲವಾ? ಮೊದಲು ಕೊಟ್ಟು ಬಾ. ಕತೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು ಗುರುಗಳು.

ಶಿಷ್ಯ ನೀರು ಕೊಟ್ಟು ಬಂದು ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನ ಕಾಲೇಜಿನಲ್ಲಿ ಒಬ್ಬರು ಜೀವಶಾಸ್ತ್ರದ ಮೇಷ್ಟ್ರಿದ್ದರು. ಕಪ್ಪೆಯನ್ನು ಕುಯ್ದು ತೋರಿಸುವುದರಲ್ಲಿ ಅವರನ್ನು ಬಿಟ್ಟರೆ ಬೇರೆಯವರಿಲ್ಲ. ಅವರು ಕತ್ತರಿ ಆಡಿಸಿದರೆ ಒಂದು ನರವೂ ಹರಿಯುತ್ತಿರಲಿಲ್ಲ. ಅದೇ ಊರಿನಲ್ಲಿ ಒಬ್ಬ ಕಪ್ಪೆ ಹಿಡಿಯುವವನಿದ್ದ. ವಾರಕ್ಕೊಮ್ಮೆ ಬುಟ್ಟಿ ತುಂಬ ಕಪ್ಪೆ ತಂದು ಕಾಲೇಜಿನ ಹಿಂಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಅವನ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಹದಿನೈದು ವರ್ಷ ಹೀಗೆ ನಡೆಯಿತು. ಮೇಷ್ಟ್ರು ಅವನ ಬುಟ್ಟಿಯನ್ನು ನೋಡಿದ್ದರು, ಅವನನ್ನು ನೋಡಿರಲಿಲ್ಲ.

ಒಂದು ದಿನ ಹೊಟ್ಟೆ ತುಂಬ ಮೊಟ್ಟೆಯಿದ್ದ ಹೆಣ್ಣು ಕಪ್ಪೆಯೊಂದು ಮೇಜಿನ ಮೇಲೆ ಬಂತು. ಮೇಷ್ಟ್ರು ಒಂದೊಂದೇ ಅಂಗದ ಹೆಸರು ಹೇಳಿ ಮುಗಿಸಿದರು. ಒಬ್ಬ ಹುಡುಗಿ ಎದ್ದು, "ಸಾರ್, ಇದು ಈ ಮೊಟ್ಟೆನೆಲ್ಲ ಎಲ್ಲಿ ಇಡ್ತಿತ್ತು?" ಎಂದಳು.

"ನೀರಿನಲ್ಲಿ" ಎಂದರು ಮೇಷ್ಟ್ರು.

"ಯಾವ ನೀರಲ್ಲಿ ಸಾರ್?"

ಮೇಷ್ಟ್ರಿಗೆ ಗೊತ್ತಿದ್ದದ್ದು ಬುಟ್ಟಿ ಮಾತ್ರ.

ಮರುದಿನ ಅವರು ಕತ್ತರಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕಪ್ಪೆ ಹಿಡಿಯುವವನಿಗೆ "ಇನ್ನು ಬರಬೇಡ" ಎಂದು ಜವಾನನ ಕೈಯಲ್ಲಿ ಹೇಳಿ ಕಳಿಸಿದರು. ಒಳ್ಳೆಯವನಾಗುವ ಆತುರದಲ್ಲಿ ಮನುಷ್ಯ ಇಂಥದ್ದೊಂದು ಎಡವಟ್ಟು ಮಾಡಿಯೇ ಮಾಡುತ್ತಾನೆ.

ಅಂದಿನಿಂದ ಮೇಷ್ಟ್ರು ಪಾಠ ಮುಗಿದ ಮೇಲೆ ಗದ್ದೆ ಬದು, ಕಲ್ಲುಗುಡ್ಡ, ಕೆರೆಯಂಗಳ ಸುತ್ತಿದರು. ಕಪ್ಪೆಯನ್ನು ಹಿಡಿದು, ಅಳೆದು, ಬರೆದುಕೊಂಡು, ಹಿಡಿದ ಜಾಗದಲ್ಲೇ ಬಿಟ್ಟರು. ಕೇರೆ ಹಾವಿಗೆ ಕೋಲೆತ್ತಿದ ರೈತನನ್ನು ತಡೆದು, "ಇದನ್ನು ಕೊಂದು ಇಲಿಗಳಿಗೆ ಯಾಕಯ್ಯ ಹಬ್ಬ ಮಾಡಿಸ್ತೀಯ?" ಎಂದು ಗದರಿದರು. ಉಡ, ಆಮೆ, ಓತಿಕ್ಯಾತ ಎಲ್ಲವೂ ಅವರ ಪುಸ್ತಕದಲ್ಲಿ ಸೇರಿದವು. ಊರ ಮುಂದಿನ ನೀರಿನ ಕಟ್ಟೆಯೊಂದರಲ್ಲೇ ಒಂಬತ್ತು ಬಗೆಯ ಕಪ್ಪೆಗಳನ್ನು ಅವರು ಗುರುತಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಊರಿನವರು ಅವರನ್ನು ಕಂಡರೆ ಕೈ ಮುಗಿಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಕಟ್ಟೆಗೆ ಮಣ್ಣು ತುಂಬಿಸಿ ಅಂಗಡಿ ಸಾಲು ಕಟ್ಟುವುದೆಂದು ಊರಿನ ಹಿರಿಯರು ತೀರ್ಮಾನ ಮಾಡಿದರು. ನೀರು ಬತ್ತಿ ನೆಲ ಬಿರುಕು ಬಿಟ್ಟಿತ್ತು. ಮೇಷ್ಟ್ರು ಓಡಿಹೋದರು. "ಇದರೊಳಗೆ ಸಾವಿರಾರು ಜೀವ ಮಲಗಿವೆ. ಮಳೆ ಬಿದ್ದರೆ ಏಳುತ್ತವೆ. ಮುಚ್ಚಿದರೆ ಈ ಊರಿನಲ್ಲಿ ಮತ್ತೆ ಕಪ್ಪೆಯ ದನಿ ಕೇಳಲಾರಿರಿ" ಎಂದರು.

ಊರ ಯಜಮಾನ ನಕ್ಕ. "ಪುಸ್ತಕ ಬೇಡ ಮೇಷ್ಟ್ರೇ, ಕಪ್ಪೆ ತೋರ್ಸಿ. ನಾಳೆ ಹೊತ್ತು ಮುಳುಗೋದ್ರೊಳಗೆ ಒಂದೇ ಒಂದು ತೋರ್ಸಿದ್ರೆ ಮಣ್ಣು ಹಾಕ್ಸಲ್ಲ. ಇಲ್ದಿದ್ರೆ ದಾರಿ ಬಿಡಿ" ಎಂದ.

ಮರುದಿನ ಮೇಷ್ಟ್ರು ಗುದ್ದಲಿ ಹಿಡಿದು ಕಟ್ಟೆಗಿಳಿದರು. ಮಳೆಗಾಲದಲ್ಲಿ ಕಪ್ಪೆಗಳು ಎಲ್ಲಿ ಹೆಚ್ಚಾಗಿ ಕಂಡಿದ್ದವೋ ಅಲ್ಲೇ, ನಟ್ಟನಡುವೆ ಅಗೆದರು. ಒಂದು ಗುಂಡಿ, ಎರಡು, ಮೂರು. ಅಂಗೈ ಬೊಬ್ಬೆ ಬಂತು, ಕಪ್ಪೆ ಬರಲಿಲ್ಲ. ಏರಿಯ ಮೇಲೆ ನಿಂತವರು, "ಮೇಷ್ಟ್ರು ಬಾವಿ ತೋಡ್ತಾವ್ರೆ" ಎಂದು ನಗಾಡಿದರು. ಎದ್ದ ಕಪ್ಪೆಯನ್ನು ಮೇಷ್ಟ್ರು ಹತ್ತು ವರ್ಷ ಲೆಕ್ಕ ಹಾಕಿದ್ದರು. ಅದು ಮಲಗುವುದಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಹಿಂದೆ ಹೋಗಿ ನೋಡಿರಲಿಲ್ಲ.

ಮೂರನೆಯ ಗುಂಡಿಯಲ್ಲಿ ನಿಂತಿರುವಾಗ ಅವರಿಗೆ ಬುಟ್ಟಿ ನೆನಪಾಯಿತು. ಹದಿನೈದು ವರ್ಷದಲ್ಲಿ ನಡುಬೇಸಿಗೆಯಲ್ಲೂ ಅದು ಬರಿದಾಗಿ ಬಂದದ್ದಿಲ್ಲ.

ಅವರು ಗುದ್ದಲಿ ಬಿಟ್ಟು ಕಪ್ಪೆ ಹಿಡಿಯುವವನ ಮನೆ ಹುಡುಕಿಕೊಂಡು ಹೋದರು. ಅವನೀಗ ಕಲ್ಲು ಒಡೆಯುವ ಕೂಲಿ ಮಾಡುತ್ತಿದ್ದ. ಹಳೆಯ ಬುಟ್ಟಿ ಕೋಳಿ ಮುಚ್ಚುವುದಕ್ಕೆ ಉಪಯೋಗವಾಗಿತ್ತು. ಮೇಷ್ಟ್ರು ಬಂದ ಕಾರಣ ಹೇಳಿದರು. ಅವನು ಕೂತಲ್ಲಿಂದ ಏಳಲಿಲ್ಲ.

"ನಾನು ಹಿಡಿದಿದ್ದೂ ನಿಜ, ನೀವು ಕುಯ್ದಿದ್ದೂ ನಿಜ" ಎಂದ. "ಇಬ್ರೂ ಒಂದೇ ದಿನ ಬಿಟ್ವಿ. ನಿಮಗೆ ಊರೋರು ಕೈ ಮುಗೀತಾರೆ. ನನ್ನ ಮಕ್ಕಳನ್ನ ಇವತ್ತಿಗೂ ಕಪ್ಪೆ ಕಟುಕನ ಮಕ್ಕಳು ಅಂತಾರೆ. ಇದ್ಯಾವ ನ್ಯಾಯ ಮೇಷ್ಟ್ರೇ?"

ಮೇಷ್ಟ್ರು ಅವನೆದುರು ನೆಲದ ಮೇಲೆ ಕೂತರು. "ನ್ಯಾಯ ಅಲ್ಲ" ಎಂದರು. "ನೀನು ಹಿಡಿದದ್ದು ಹೊಟ್ಟೆಪಾಡಿಗೆ. ನಾನು ಕುಯ್ದದ್ದು ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ನೋಡುವುದಕ್ಕೆ. ನನ್ನ ತಪ್ಪೇ ದೊಡ್ಡದು."

"ಈ ಮಾತನ್ನ ನನ್ನ ಗುಡಿಸಲಲ್ಲಿ ಹೇಳಿದ್ರೆ ಏನ್ ಬಂತು?" ಎಂದ ಅವನು. "ಏರಿ ಮೇಲೆ ನಿಂತ್ಕೊಂಡು ಹೇಳ್ತೀರಾ?"

ಮೇಷ್ಟ್ರು ಹೇಳಿದರು. ಊರೆಲ್ಲ ನೋಡುತ್ತಿರುವಾಗ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಏರಿಯ ಮೇಲೆ ನಿಂತು, "ಈ ಕಟ್ಟೆಯ ಕಪ್ಪೆಗಳನ್ನು ಕೊಂದವನು ನಾನು. ಇವು ಎಲ್ಲಿ ಬದುಕಿವೆ ಎಂದು ಬಲ್ಲವನು ಇವನು. ಇವತ್ತಿನಿಂದ ಇವನು ನನ್ನ ಮೇಷ್ಟ್ರು" ಎಂದರು.

ಕಪ್ಪೆ ಹಿಡಿಯುವವನು ನಡುವಿನ ಗುಂಡಿಗಳತ್ತ ತಿರುಗಿಯೂ ನೋಡಲಿಲ್ಲ. "ಬಿರುಕಿದ್ದ ಕಡೆ ಬಿಸ್ಲು ಒಳಗಿಳೀತದೆ. ಅಲ್ಲಿ ಯಾಕೆ ಮಲಗ್ತವೆ?" ಎನ್ನುತ್ತ ಏರಿಯ ಬುಡಕ್ಕೆ ಬಂದ. ಅಲ್ಲಿ ಲಕ್ಕಿ ಗಿಡದ ಬೇರುಗಳಿದ್ದವು. ಬರಿಗಾಲಿನ ಹಿಮ್ಮಡಿಯಿಂದ ನೆಲವನ್ನು ಒತ್ತುತ್ತ ಹೋಗಿ ಒಂದು ಕಡೆ ನಿಂತ. ಯಾರೋ ಗುದ್ದಲಿ ಕೊಡಲು ಬಂದರು. "ಬೇಡ, ಏಟು ಬಿದ್ದಾತು" ಎಂದು ಕೈಯಿಂದಲೇ ಮಣ್ಣು ಬಗೆದ. ಮೊಳದಷ್ಟು ಕೆಳಗೆ ಒಂದು ಮಣ್ಣುಂಡೆ ಸಿಕ್ಕಿತು. ಒಬ್ಬರ ಕೈಯಲ್ಲಿದ್ದ ಚೆಂಬು ಇಸಿದುಕೊಂಡು ಅದರ ಮೇಲೆ ನೀರು ಹನಿಸಿದ. ಉಂಡೆ ಕಣ್ಣು ಬಿಟ್ಟಿತು.

"ಒಂದು ಸಾಕಾ ಯಜಮಾನ್ರೇ, ಇನ್ನೂ ನಿದ್ದೆ ಕೆಡಿಸ್ಲಾ?" ಎಂದ.

ಯಜಮಾನ ಆಡಿದ ಮಾತಿಗೆ ತಪ್ಪುವವನಲ್ಲ. ಮಣ್ಣು ತುಂಬಿ ಬಂದಿದ್ದ ಟ್ರ್ಯಾಕ್ಟರುಗಳು ತುಂಬಿದ ಹಾಗೇ ಹಿಂದಕ್ಕೆ ಹೋದವು. ಕಪ್ಪೆ ಹಿಡಿಯುವವನು ಕಪ್ಪೆಯನ್ನು ತೆಗೆದ ಜಾಗದಲ್ಲೇ ಇಟ್ಟು, ಮಗುವಿಗೆ ಹೊದಿಸಿದಂತೆ ಮಣ್ಣು ಮುಚ್ಚಿದ. ಮೊದಲ ಮಳೆಗೆ ಕಟ್ಟೆ ತುಂಬಿತು. ಊರಿನವರ ಕಿವಿ ಕಿವುಡಾಗುವಷ್ಟು ಕಪ್ಪೆಗಳು ಕೂಗಿದವು. ಮೇಷ್ಟ್ರು ಅವನನ್ನು ಕಾಲೇಜಿಗೆ ಕರೆದುಕೊಂಡು ಹೋದರು, ಈ ಸಲ ಮುಂಬಾಗಿಲಿನಿಂದ. ಅವರ ಪುಸ್ತಕ ಅಚ್ಚಾದಾಗ ಅವನ ಹೆಸರು ಮೊದಲು ಬಂತು, ಅವರದ್ದು ಆಮೇಲೆ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವನು ಮತ್ತೆ ಕಪ್ಪೆ ಹಿಡಿಯಲಿಲ್ಲವೇ?" ಎಂದು ಶಿಷ್ಯ ಕೇಳಿದ.

"ಹಿಡಿಯದೆ ಆದೀತೇ? ದಿನಾ ಹಿಡಿಯುತ್ತಿದ್ದ. ಅವನು ಹಿಡಿದದ್ದನ್ನು ಮೇಷ್ಟ್ರು ಅಳೆಯುತ್ತಿದ್ದರು. ಆಮೇಲೆ ಇಬ್ಬರೂ ಸೇರಿ ನೀರಿಗೆ ಬಿಡುತ್ತಿದ್ದರು."

ಶಿಷ್ಯ ಬಾಗಿಲ ಕಡೆ ನೋಡಿದ. ಬಲೆಗಾರ ಖಾಲಿ ಚೆಂಬನ್ನು ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದ.

"ಆದರೂ ಗುರುಗಳೇ, ಇವನ ಕೈಯನ್ನು ಹೇಗೆ ನಂಬುವುದು?"

"ನೀನು ಈ ಬಾಗಿಲಿಗೆ ಬಂದ ದಿನ ನಾನು ನಿನ್ನ ಕೈ ನೋಡಲಿಲ್ಲ" ಎಂದರು ಗುರುಗಳು.