ಸಮ್ಮಟಿಗೆ ಹಿಡಿದವಳು

“ಗುರುಗಳೇ, ಕಂಪ್ಯೂಟರ್ ಕೆಲಸಗಳಲ್ಲಿ ಗಂಡಸರಷ್ಟು ಹೆಂಗಸರು ಯಾಕಿಲ್ಲ?” ಎಂದು ಶಿಷ್ಯ ಕೇಳಿದ. ಅವನು ಒಂದು ಕಂಪನಿಯಲ್ಲಿ ಎಂಜಿನಿಯರ್. ಈಚೆಗೆ ಅವನನ್ನು ತಂಡದ ಮುಖ್ಯಸ್ಥನಾಗಿ ಮಾಡಿದ್ದರು. “ನಾವು ಯಾರಿಗೂ ಬಾಗಿಲು ಮುಚ್ಚಿಲ್ಲ. ಹುಡುಗಿಯರು ಬಂದು ಸೇರುತ್ತಾರೆ. ಕೆಲವು ವರ್ಷ ದುಡಿಯುತ್ತಾರೆ, ಆಮೇಲೆ ಬಿಟ್ಟು ಹೋಗುತ್ತಾರೆ. ಈ ಕೆಲಸ ಅವರ ಸ್ವಭಾವಕ್ಕೆ ಒಗ್ಗುವುದಿಲ್ಲವೇನೋ.”

ಗುರುವಿಗೆ ಸಿಟ್ಟು ಬಂತು. “ಸ್ವಭಾವವೇ? ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುನಡುವೆ ತಲೆಯಾಡಿಸಬೇಡ. ತಲೆಯಾಡಿಸಿ ಎದ್ದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ” ಎಂದು ಶುರು ಮಾಡಿದ.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಅವನಿಗೆ ಒಬ್ಬಳೇ ಮಗಳು. ಕುಲುಮೆಯಲ್ಲಿ ಅವನು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಕೂರುತ್ತಿದ್ದ. ಮಗಳು ಎದುರು ನಿಂತು ಸಮ್ಮಟಿಗೆ ಎತ್ತಿ ಹೊಡೆಯುತ್ತಿದ್ದಳು. ಅವರ ಮನೆತನದಲ್ಲಿ ರೂಢಿಯೇ ಹಾಗೆ. ಆ ದೊಡ್ಡ ಸುತ್ತಿಗೆ ಹೆಂಗಸಿಗೆ, ಇಕ್ಕಳ ಗಂಡಸಿಗೆ. ಇಕ್ಕಳ ಹಿಡಿದವನನ್ನು ಮಾತ್ರ ಕಮ್ಮಾರ ಎನ್ನುತ್ತಿದ್ದರು. ಸಮ್ಮಟಿಗೆ ಹಿಡಿದವಳು ಅವನಿಗೆ ನೆರವಾಗುವವಳು, ಅಷ್ಟೇ.

ವರ್ಷಗಟ್ಟಲೆ ಉರಿ ನೋಡಿ ನೋಡಿ ಕಮ್ಮಾರನ ಕಣ್ಣು ಮಂಜಾಯಿತು. ಕಬ್ಬಿಣ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಅದರ ಬಣ್ಣ ನೋಡಿ ತಿಳಿಯಬೇಕು. ಅವನಿಗೆ ಬಣ್ಣವೇ ಕಾಣದಾಯಿತು. ಮಗಳು ನೋಡಿ, “ಈಗ ತೆಗಿ ಅಪ್ಪಾ” ಎನ್ನುತ್ತಿದ್ದಳು. ಅವನು ತೆಗೆಯುತ್ತಿದ್ದ. ಕುಡುಗೋಲು ಚೆನ್ನಾಗಿ ಬರುತ್ತಿತ್ತು. ಊರಿನವರು ಕಮ್ಮಾರನ ಕಣ್ಣನ್ನು ಹೊಗಳುತ್ತಿದ್ದರು. ಕೇಳಿದವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ.

ಕೊನೆಗೆ ಅವನ ಕೈಯೂ ನಡುಗತೊಡಗಿತು. ಆಗ ಮಗಳು ಬಾಯಿಬಿಟ್ಟು ಕೇಳಿದಳು.

“ಅಪ್ಪಾ, ಇನ್ನು ಇಕ್ಕಳ ನನಗೆ ಕೊಡು. ಈ ಕಸುಬು ಬಿಟ್ಟು ನನಗೆ ಬೇರೇನೂ ಬೇಡ.”

“ಬೇಡ ತಾಯಿ. ಉರಿ, ಹೊಗೆ, ಭಾರ. ಹೆಣ್ಣುಜೀವ, ನಿನ್ನ ಕೈಲಾಗುವುದಿಲ್ಲ.”

ಅವನು ಹೀಗೆ ಹೇಳುವಾಗ ಸಮ್ಮಟಿಗೆ ಅವಳ ಹೆಗಲ ಮೇಲಿತ್ತು. ಅಷ್ಟು ವರ್ಷ ಅದನ್ನು ಎತ್ತಿ ಹೊಡೆಯುವಾಗ ಅವಳ ತೋಳಿನ ಮೇಲೆ ಯಾರಿಗೂ ಹುಟ್ಟದ ಕರುಣೆ ಇಕ್ಕಳ ಕೇಳಿದೊಡನೆ ಹುಟ್ಟಿತು.

ಕಮ್ಮಾರ ತನ್ನ ತಮ್ಮನ ಮಗನನ್ನು ಕರೆಸಿ ಇಕ್ಕಳ ಕೊಟ್ಟ. ಅವನು ಸಂತೆಯಲ್ಲಿ ಬಟ್ಟೆ ಮಾರಿಕೊಂಡಿದ್ದವನು. ಒಲೆಯ ಮುಂದೆ ಸಹ ಕೂತವನಲ್ಲ. ಮೊದಲ ದಿನವೇ ಕಬ್ಬಿಣ ಸುಟ್ಟು ಹಾಕಿದ. ಅವಳು “ಈಗ ತೆಗಿ ಅಣ್ಣಾ” ಎಂದರೆ, “ಹೊಡೆಯುವುದಷ್ಟೇ ನಿನ್ನ ಕೆಲಸ” ಎಂದ. ಕುಡುಗೋಲು ಮುರಿದು ವಾಪಸು ಬಂದಾಗ, ಪೆಟ್ಟು ಸರಿಯಾಗಿ ಬಿದ್ದಿಲ್ಲವೆಂದು ತಪ್ಪನ್ನು ಅವಳ ಮೇಲೆ ಹಾಕಿದ. ಚೆನ್ನಾಗಿ ಬಂದರೆ ಅದು ಅವನ ಜಾಣತನ. ಊರಿನವರು, “ಪಾಪ, ಹೊಸಬ, ಕಲಿಯುತ್ತಾನೆ ಬಿಡಿ” ಎಂದರು. ಕೆಡಿಸಿ ಕಲಿಯಲು ಅವನಿಗೆ ಊರೇ ಕಬ್ಬಿಣ ತಂದುಕೊಟ್ಟಿತು. ಅವಳ ಕೈಗೆ ಒಂದು ತುಂಡು ಕೊಟ್ಟು ನೋಡೋಣವೆಂದು ಒಬ್ಬನಿಗೂ ಅನಿಸಲಿಲ್ಲ. ಥೂ!

ಅವಳು ಸಹಿಸುವಷ್ಟು ದಿನ ಸಹಿಸಿದಳು. ಒಂದು ದಿನ ಸಮ್ಮಟಿಗೆಯನ್ನು ಕೆಳಗಿಟ್ಟು ಹೊರಟುಹೋದಳು. ಪಕ್ಕದ ಊರಿನಲ್ಲಿ ಕೆರೆಯ ಏರಿಗೆ ಕಲ್ಲು ಹೊರುವ ಕೆಲಸಕ್ಕೆ ಸೇರಿದಳು. ಅದು ಭಾರದ ಕೆಲಸವೆಂದು ಅಲ್ಲಿ ಯಾರೂ ಅವಳನ್ನು ತಡೆಯಲಿಲ್ಲ.

ಮುಂದೆ ಕಮ್ಮಾರನ ಊರಿಗೆ ಒಬ್ಬ ದಾರಿಹೋಕ ಬಂದ. ಕುಲುಮೆಯ ಮುಂದೆ ನಿಂತು, ನಿನ್ನ ಹಾಗೆಯೇ, ಈ ಕಸುಬಿನಲ್ಲಿ ಹೆಂಗಸರು ಯಾಕಿಲ್ಲವೆಂದು ಕೇಳಿದ. ಊರಿನ ಹಿರಿಯ ಹೇಳಿದ: “ಒಬ್ಬಳಿದ್ದಳು ಸ್ವಾಮಿ. ನಾವೇನೂ ಹೋಗೆನ್ನಲಿಲ್ಲ. ಅವಳೇ ನಡುವೆ ಬಿಟ್ಟು ಹೋದಳು. ಹೆಣ್ಣುಮಕ್ಕಳಿಗೆ ಇದರಲ್ಲಿ ಮನಸ್ಸು ನಿಲ್ಲುವುದಿಲ್ಲ.”

ಗುರು ಅಲ್ಲಿಗೆ ಕತೆ ನಿಲ್ಲಿಸಿದ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಶಿಷ್ಯ ಹೇಳಿದ: “ಆ ಊರಿನವರು ಮಾಡಿದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ಗುರುಗಳೇ, ನಾನು ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡವನಲ್ಲ.”

“ತಮ್ಮನ ಮಗನೂ ಕಿತ್ತುಕೊಂಡಿರಲಿಲ್ಲ. ನಿನ್ನ ಕಂಪನಿಯಲ್ಲಿ ನಿನಗೆ ಇಕ್ಕಳ ಕೊಟ್ಟ ದಿನ ಎದುರಿಗೆ ಸಮ್ಮಟಿಗೆ ಹಿಡಿದು ನಿಂತಿದ್ದವಳ ಹೆಸರು ಹೇಳು.”